ಒಗ್ಗದ ಮಾತ್ರೆ, ನಿಲ್ಲದ ಬಾಯಿ

ಮೊನ್ನೆ ಸೊರಬದ ನಮ್ಮ ಮನೆಯಲ್ಲಿ ತಂಬುಳಿಗೆಂದು ದೊಡ್ಡಪತ್ರೆ ಎಲೆ ಚಿವುಟುತ್ತಿದ್ದೆ. ಬೆರಳಿಗೆ ಹತ್ತಿದ ಘಾಟು ಮೂಗಿಗೆ ಬಡಿದದ್ದೇ ತಡ, ಶಿಕಾರಿಪುರದ ನನ್ನ ತವರಿನ ಎದುರುಮನೆ ದೊಡ್ಡವ್ವ ನೆನಪಾದರು. ನೆಂಟರಲ್ಲ, ಆದರೂ ಇಡೀ ಬೀದಿಗೆ ಅವರು ದೊಡ್ಡವ್ವನೇ. ಒಳ್ಳೆಯ ಮನಸ್ಸು, ಕೈಬಿಚ್ಚಿ ಕೊಡುವ ಗುಣ, ಎಲ್ಲ ಇತ್ತು. ಇಲ್ಲದ್ದು ಒಂದೇ, ಬಾಯಿಗೆ ಬೀಗ. ಅವರ ಕಿವಿಗೆ ಬಿದ್ದ ಸುದ್ದಿಗೆ ಬೇರೆ ಡಂಗುರ ಬೇಕಿರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೂ ಅವರಿಗೆ ತಿಳಿಯದ ಹಾಗೆ ಅಮ್ಮ ನೋಡಿಕೊಳ್ಳುತ್ತಿದ್ದಳು.

ನಾನಾಗ ಕಾಲೇಜಿನ ಕೊನೆಯ ವರ್ಷದಲ್ಲಿದ್ದೆ. ಗಂಟಲು ನೋವು, ಜ್ವರಕ್ಕೆಂದು ಡಾಕ್ಟರು ಪೆನ್ಸಿಲಿನ್ ಮಾತ್ರೆ ಕೊಟ್ಟಿದ್ದರು. ಜ್ವರವೇನೋ ಇಳಿಯಿತು, ಆದರೆ ಮೈಮೇಲೆ ದದ್ದು ಎದ್ದವು. ಮೊದಲು ಹೊಟ್ಟೆ, ಆಮೇಲೆ ತೋಳು, ಕುತ್ತಿಗೆ... ತಡೆಯಲಾಗದ ತುರಿಕೆ. ಇದು ಪಿತ್ತದ ಗಂಧೆ ಎಂದು ದೊಡ್ಡವ್ವ ತೀರ್ಪು ಕೊಟ್ಟರು. ದೊಡ್ಡಪತ್ರೆ ರಸ ಹಚ್ಚಿ, ಕರಿ ಕಂಬಳಿಯಿಂದ ಮೈ ತಿಕ್ಕಿ, ಅದನ್ನೇ ಹೊದಿಸಿ ಮಲಗಿಸಿದರು. ಗಂಧೆಗೆ ನಮ್ಮ ಕಡೆ ಎಲ್ಲರೂ ಮಾಡುವುದು ಅದನ್ನೇ. ಮಾತ್ರೆಯ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಜ್ವರ ಮರಳೀತೆಂದು ಅದನ್ನೂ ನುಂಗಿಸುತ್ತಲೇ ಇದ್ದರು. ಮರುದಿನ ತುಟಿ, ಕಣ್ಣು ಊದಿಕೊಂಡು ಉಸಿರು ಕಟ್ಟತೊಡಗಿದಾಗ ದೊಡ್ಡವ್ವನೇ ಕಂಬಳಿ ಎಳೆದೆಸೆದು ಆಟೋ ಕೂಗಿದರು.

ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು ಉಳಿಸಿದರು. ಗಂಧೆಯಲ್ಲ, ಮಾತ್ರೆಯ ಅಲರ್ಜಿ ಎಂದರು ಡಾಕ್ಟರು. ಇನ್ನೊಮ್ಮೆ ಆ ಔಷಧಿ ಮೈಗೆ ಸೇರಿದರೆ ಇದಕ್ಕಿಂತ ಕೆಟ್ಟದ್ದಾಗಬಹುದು, ಎಲ್ಲಿ ಹೋದರೂ ಮೊದಲು ಇದನ್ನು ಹೇಳಬೇಕು ಎಂದು ಎಚ್ಚರಿಸಿದರು. ಹೇಳುವ ಕೆಲಸವನ್ನು ದೊಡ್ಡವ್ವ ಆ ಸಂಜೆಯೇ ಶುರು ಮಾಡಿದರು.

ಅಮ್ಮನಿಗೆ ಅದೇ ಸಂಕಟ. ಮದುವೆಗೆ ಬಂದ ಮಗಳಿಗೆ ಚರ್ಮದ ಕಾಯಿಲೆ ಎಂದು ಊರು ಆಡಿಕೊಂಡರೆ? ಹುಡುಗಿಯ ಮೈಯ ತೊಂದರೆಯನ್ನು ಬೀಗರ ಮುಂದೆ ಎತ್ತದಿರುವುದು ನಮ್ಮಲ್ಲಿ ರೂಢಿ. ಅತ್ತೆಮನೆಯಲ್ಲಿ ಈ ವಿಷಯ ಬೇಡವೇ ಬೇಡ ಎಂದು ನನಗೂ ಹೇಳಿಟ್ಟಿದ್ದಳು. ಸೊರಬದಿಂದ ಹುಡುಗನ ಕಡೆಯವರು ನೋಡಲು ಬಂದ ದಿನ ದೊಡ್ಡವ್ವನಿಂದ ಭಾಷೆಯನ್ನೇ ತೆಗೆದುಕೊಂಡಳು. ಪಾಪ, ದೊಡ್ಡವ್ವ ಉಪ್ಪಿಟ್ಟು ಮುಗಿಯುವವರೆಗೆ ತಡೆದುಕೊಂಡರು. ಆಮೇಲೆ ಹುಡುಗನ ತಾಯಿಯ ಪಕ್ಕಕ್ಕೆ ಸರಿದು ಕೂತು ಅವರ ಕೈ ಹಿಡಿದುಕೊಂಡರು.

“ನಮ್ಮ ಹುಡುಗಿಗೆ ಯಾವ ಐಬೂ ಇಲ್ರೀ. ಪೆನ್ಸಿಲಿನ್ ಒಂದು ಒಗ್ಗಲ್ಲ. ಗೊತ್ತಿಲ್ದೆ ಯಾರಾದ್ರೂ ಕೊಟ್ರೆ ಜೀವಕ್ಕೇ ಕುತ್ತು. ನಾಳೆ ಇವ್ಳ ತಾಯಿ ಜಾಗದಾಗೆ ನೀವೇ ಇರೋರು, ನೆನಪಿಟ್ಕೊಳ್ರಿ.”

ಅಮ್ಮನ ಮುಖ ಸಪ್ಪಗಾಯಿತು. ಬಂದವರು ತಿಳಿಸುತ್ತೇವೆ ಎಂದು ಎದ್ದು ಹೋದರು. ಬಹಳ ದಿನ ಸುದ್ದಿಯಿಲ್ಲ. ಕೊನೆಗೂ ಒಪ್ಪಿಗೆ ಬಂತು, ಮದುವೆಯೂ ಆಯಿತು. ಅಮ್ಮ ಮಾತ್ರ ದೊಡ್ಡವ್ವನ ಜೊತೆ ಮಾತು ಬಿಟ್ಟವಳು ಬಿಟ್ಟೇ ಬಿಟ್ಟಳು. ಬೆಳಗ್ಗೆ ರಂಗೋಲಿ ಹಾಕುವಾಗಲೂ ಆಚೆ ಮುಖ ತಿರುಗಿಸಿ ಕೂರುತ್ತಿದ್ದಳು.

ನನ್ನ ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕಿತ್ತು. ದಿನ ತುಂಬುವ ಮೊದಲೇ ನೋವು ಬಂದು, ಸೊರಬದಲ್ಲೇ ಆಸ್ಪತ್ರೆ ಸೇರಿ, ಆಪರೇಷನ್ ಮಾಡಲೇಬೇಕು ಎಂದಾಯಿತು. ಅಮ್ಮ ಇನ್ನೂ ಶಿಕಾರಿಪುರದಲ್ಲಿ ಬಸ್ಸಿಗೆ ಕಾಯುತ್ತಿದ್ದಳು, ಗಂಡ ರಕ್ತ ಹೊಂದಿಸಲು ಓಡಿದ್ದರು. ನನಗೆ ಎಚ್ಚರವಿರಲಿಲ್ಲ. ಇವರಿಗೆ ಒಗ್ಗದ ಔಷಧಿ ಏನಾದರೂ ಇದೆಯೇ ಎಂದು ನರ್ಸು ಬಾಗಿಲಲ್ಲಿ ಕೇಳಿದಾಗ ಅಲ್ಲಿದ್ದದ್ದು ಅತ್ತೆ ಒಬ್ಬರೇ.

“ಪೆನ್ಸಿಲಿನ್ ಕೊಡ್ಬೇಡಿ. ಶಿಕಾರಿಪುರದಲ್ಲಿ ಒಬ್ರು ಅಮ್ಮ ನನ್ನ ಕೈ ಹಿಡ್ಕೊಂಡು ಹೇಳಿದಾರೆ” ಎಂದರಂತೆ.

ಬೇರೆ ಔಷಧಿ ಕೊಟ್ಟರು. ನಾನೂ ಮಗಳೂ ಸುಖವಾಗಿ ಮನೆಗೆ ಬಂದೆವು. ನಮ್ಮನ್ನು ನೋಡಿ ಊರಿಗೆ ಮರಳಿದ ಅಮ್ಮ, ಚೀಲವನ್ನೂ ಇಳಿಸದೆ ನೇರ ಎದುರುಮನೆಗೆ ಹೋದಳಂತೆ. ಇಬ್ಬರೂ ಏನು ಮಾತಾಡಿಕೊಂಡರೋ, ಎಷ್ಟು ಅತ್ತರೋ... ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗಿತ್ತು. ಹೇಗೆಂದು ಬೇರೆ ಹೇಳಬೇಕಿಲ್ಲ.

ಮುಂದೊಮ್ಮೆ, ನಿಮ್ಮ ಹರಕುಬಾಯಿಯ ಪುಣ್ಯದಿಂದ ಬದುಕಿದ್ದೇನೆ ದೊಡ್ಡವ್ವ ಎಂದಿದ್ದೆ. ಸಿಟ್ಟಾಗಲಿಲ್ಲ, ನಕ್ಕು ನನ್ನ ಕೆನ್ನೆ ಸವರಿದರು. ಅಷ್ಟಾದರೂ ಹೇಳಿದೆನಲ್ಲ ಎಂಬುದು ಈಗಿನ ಸಮಾಧಾನ. ಆ ಋಣ ನನ್ನಿಂದ ತೀರುವಂಥದ್ದಲ್ಲ.

ದೊಡ್ಡವ್ವ ಕಳೆದ ವರ್ಷ ತೀರಿಕೊಂಡರು. ಈ ಸಲ ದೀಪಾವಳಿಗೆ ತವರಿಗೆ ಹೋದಾಗ ಯಾಕೆ ಸೊರಗಿದೀಯ, ಅತ್ತೆ ಜೊತೆ ಜಗಳವಾ ಎಂದು ಕೂಗಿ ಕೇಳಲು ಎದುರಿನ ಜಗಲಿಯಲ್ಲಿ ಯಾರೂ ಇರಲಿಲ್ಲ. ಆ ಬೀದಿಯಲ್ಲಿ ನನ್ನ ಗುಟ್ಟುಗಳೆಲ್ಲ ಈಗ ಭದ್ರವಾಗಿವೆ. ಅದನ್ನೇ ನನಗೆ ತಡೆದುಕೊಳ್ಳಲಾಗುವುದಿಲ್ಲ.