ಬಳೆ ಸುತ್ತಿದ ಹಾಳೆ

ಕುಷ್ಟಗಿಯ ನಮ್ಮ ಮನೆಯಲ್ಲಿ ಗಂಡಸರಿಗೆ ಕನ್ನಡ ಓದಲು ಬರುತ್ತಿರಲಿಲ್ಲ, ನನಗೆ ಉರ್ದು ಓದಲು ಬರುತ್ತಿರಲಿಲ್ಲ. ಅತ್ತೆಗೆ ಎರಡೂ ಬರುತ್ತಿರಲಿಲ್ಲ, ಮನೆ ನಡೆಸುತ್ತಿದ್ದವರು ಅವರೇ. ನಗಬೇಡಿ, ಆಗ ನಮ್ಮ ಸೀಮೆಯ ತುಂಬ ಹೀಗೇ ಇತ್ತು. ಕೊಪ್ಪಳ, ಗಂಗಾವತಿ, ಯಲಬುರ್ಗಿ, ಕುಷ್ಟಗಿ ಎಲ್ಲ ಮೊಗಲಾಯಿ, ಅಂದರೆ ಹೈದರಾಬಾದಿನ ದೊರೆಯ ರಾಜ್ಯ. ಸಾಲಿ ಉರ್ದುವಿನಲ್ಲಿ, ಕಚೇರಿ ಉರ್ದುವಿನಲ್ಲಿ. ನನ್ನ ಗಂಡ ಕಾಳಿನ ಅಂಗಡಿಯಲ್ಲಿ ದಿನವಿಡೀ ಕನ್ನಡದಲ್ಲಿ ಜಗಳವಾಡಿ, ಸಂಜೆ ಪೇಪರು ಮಾತ್ರ ಬಲದಿಂದ ಎಡಕ್ಕೆ ಓದುವವರು. ನಾನು ಗಡಿಯಾಚೆ ಗದಗಿನ ಕಡೆಯವಳು. ಅಲ್ಲಿ ಕನ್ನಡ ಸಾಲಿಯಿತ್ತು, ನಾಲ್ಕನೆಯ ಇಯತ್ತೆಯವರೆಗೆ ಕಲಿತಿದ್ದೆ. ಮದುವೆಯಾಗಿ ಬಂದ ಹೊಸದರಲ್ಲಿ ಓದು ಬರುವ ಸೊಸೆ ಹೇಗಿರುತ್ತಾಳೆ ಎಂದು ಓಣಿಯ ಹೆಂಗಸರು ನೋಡಿಕೊಂಡು ಹೋಗಿದ್ದರು. ಎಲ್ಲರ ಹಾಗೇ ಇದ್ದಾಳೆ ಎಂದು ಅವರಿಗೆ ಸ್ವಲ್ಪ ಬೇಜಾರೇ ಆಗಿತ್ತು.

ಓದು ಬಂದರೇನು, ಓದಲು ಏನೂ ಇರಲಿಲ್ಲ. ಆಚೆಯ ಕನ್ನಡ ಪೇಪರು ತಂದರೆ ಗಡಿಯ ಸುಂಕದವರು, ಕರೋಡಗಿರಿ ನಾಕಾದವರು, ಹಿಡಿಯುತ್ತಿದ್ದರು. ನನಗೆ ಪೇಪರು ತಂದುಕೊಟ್ಟವಳು ಓಣಿಗೆ ಬಳೆ ಇಡಲು ಬರುತ್ತಿದ್ದ ಮುಸಲ್ಮಾನರ ಹೆಣ್ಣುಮಗಳು. ನಾವು ಅವಳನ್ನು ಬೂಬಕ್ಕ ಎನ್ನುತ್ತಿದ್ದೆವು. ನಮ್ಮ ಕಡೆ ಅವರ ಹಿರಿಯ ಹೆಂಗಸರಿಗೆಲ್ಲ ಅದೇ ಕರೆ. ಗಂಡ ತೀರಿಹೋಗಿದ್ದ; ಮಗಳನ್ನು ಹನುಮಸಾಗರಕ್ಕೆ ಕೊಟ್ಟಿದ್ದಳು. ತಿಂಗಳಿಗೊಮ್ಮೆ ಹನುಮಸಾಗರದ ಮೇಲೆ ಹಾದು ಗಡಿ ದಾಟಿ, ಗಜೇಂದ್ರಗಡದ ಪ್ಯಾಟಿಯಿಂದ ಬಳೆ ತರುತ್ತಿದ್ದಳು. ಅಲ್ಲಿಯ ಅಂಗಡಿಯವರು ಬಳೆಯನ್ನು ಕನ್ನಡ ಪೇಪರಿನಲ್ಲಿ ಸುತ್ತಿಕೊಡುತ್ತಿದ್ದರು. ನಾಕಾದವರು ಬಳೆ ಎಣಿಸುತ್ತಿದ್ದರು, ಸುತ್ತಿದ ಹಾಳೆಯ ಕಡೆಗೆ ಕಣ್ಣೆತ್ತಿ ನೋಡುತ್ತಿರಲಿಲ್ಲ.

ಮಧ್ಯಾಹ್ನದ ಊಟವಾದ ಮೇಲೆ ನಮ್ಮ ಪಡಸಾಲೆಯಲ್ಲಿ ಓಣಿಯ ಹೆಂಗಸರು ಸೇರುತ್ತಿದ್ದರು. ಬೂಬಕ್ಕ ಬುಟ್ಟಿ ಬಿಚ್ಚಿ ಹಾಳೆಗಳನ್ನು ತೊಡೆಯ ಮೇಲಿಟ್ಟು ತೀಡಿ ನನ್ನ ಕೈಗೆ ಕೊಡುವಳು. ಅರ್ಧ ಹರಿದ ಸುದ್ದಿ, ತಲೆಯಿದ್ದರೆ ಕಾಲಿಲ್ಲ. ನಾನು ಓದುವೆ, ಅವರು ಕೇಳುವರು. ಎಲ್ಲರಿಗಿಂತ ಹೆಚ್ಚು ಪ್ರಶ್ನೆ ಬೂಬಕ್ಕನವು.

"ಓದವ್ವಾ, ಜೋರಾಗಿ ಓದು. ಇಷ್ಟು ದೂರ ತಲಿ ಮ್ಯಾಲೆ ಹೊತ್ತು ತಂದೀನಿ, ಏನ್ ಹೊತ್ತೀನಂತ ನನಗೂ ತಿಳೀಬೇಕಲ್ಲ."

ಓದು ಮುಗಿದ ಮೇಲೆ ಹಾಳೆಗಳನ್ನು ಮಡಚಿ ಮತ್ತೆ ಬುಟ್ಟಿಗೆ ಹಾಕಿಕೊಳ್ಳುವಳು, ಬಳೆ ಸುತ್ತಲು ಬೇಕಲ್ಲ. ಬಳೆ ಇಟ್ಟಾದ ಮೇಲೆ ನನ್ನ ಬಲಗೈಗೆ ಒಂದು ಬಳೆ ಹೆಚ್ಚಿಗೆ ಏರಿಸುವಳು. "ಇದು ತವರಿಂದು" ಎನ್ನುವಳು. ತವರು ದೂರವಿದ್ದ ಸೊಸೆಯಂದಿರಿಗೆ ಮಾತ್ರ ಅವಳು ಹಾಗೆ ಮಾಡುತ್ತಿದ್ದಳು. ನಾನು ಅವಳ ಕಾಲು ಮುಟ್ಟಿ ನಮಸ್ಕಾರ ಮಾಡುತ್ತಿದ್ದೆ. ಬಳೆ ಇಡಿಸಿಕೊಂಡವರು ಬಳೆ ಇಟ್ಟವರಿಗೆ ನಮಸ್ಕರಿಸುವುದು ನಮ್ಮಲ್ಲಿ ಇದ್ದದ್ದೇ; ಅದಕ್ಕೆ ಜಾತಿ ಕೇಳುವವರಿರಲಿಲ್ಲ.

ದೇಶಕ್ಕೆ ಸ್ವಾತಂತ್ರ್ಯ ಬಂದು ನಮಗೆ ಬಾರದೇ ಉಳಿದ ವರ್ಷ ಅದು. ಖಾಕಿ ಅಂಗಿ ತೊಟ್ಟು, ದೊರೆಯ ಹೆಸರು, ದೇವರ ಹೆಸರು ಎರಡನ್ನೂ ಕೂಗುತ್ತ ಊರೂರು ತಿರುಗುವ ಗುಂಪುಗಳು ಎದ್ದಿದ್ದವು. ಅವರನ್ನು ಎದುರಿಸಲು ಆಚೆ ಗಡಿಯಲ್ಲಿ ನಮ್ಮ ಕಡೆಯ ಹುಡುಗರು ಶಿಬಿರ ಕಟ್ಟಿಕೊಂಡಿದ್ದರು. ನನ್ನ ಮೈದುನ ವೈಶಾಖದಲ್ಲಿ ಒಂದು ಮುಂಜಾನೆ ಹೊಲಕ್ಕೆ ಹೋಗುತ್ತೇನೆಂದು ಹೋದವನು ಅಲ್ಲಿಗೆ ಹೋಗಿ ಸೇರಿದ. ಮನೆಯವರು ಅವನು ಗಂಗಾವತಿಯ ಬೀಗರ ಮನೆಯಲ್ಲಿದ್ದಾನೆಂದು ಊರಿಗೆಲ್ಲ ಹೇಳಿದರು. ನಿಜ ಗೊತ್ತಿದ್ದದ್ದು ಮನೆಯ ನಾಲ್ವರಿಗೆ ಮತ್ತು ಬೂಬಕ್ಕನಿಗೆ. ಏಕೆಂದರೆ ಅವನ ಸುದ್ದಿ ತರುತ್ತಿದ್ದವಳೇ ಅವಳು. ಬಳೆಯ ಅಳತೆ ನೋಡುವ ನೆಪದಲ್ಲಿ ಅತ್ತೆಯ ಕೈ ಹಿಡಿದು, "ಅರಾಮ ಅದಾನ. ಉಂಡಾನ. ಕೆಮ್ಮು ಕಮ್ಮಿ ಆಗೈತಿ" ಎಂದು ಮೆಲ್ಲಗೆ ಹೇಳುವಳು. ಅತ್ತೆ ಅವತ್ತು ಹೊಟ್ಟೆ ತುಂಬ ಊಟ ಮಾಡುತ್ತಿದ್ದರು.

ಆಷಾಢದಲ್ಲಿ ಯಲಬುರ್ಗಿಯ ಆಚೆಯ ಒಂದು ಹಳ್ಳಿಗೆ ಖಾಕಿಯವರು ಬೆಂಕಿ ಇಟ್ಟರು. ನನ್ನ ಗಂಡನ ಉರ್ದು ಪೇಪರು ಗಡಿಯಾಚೆಯ ದರೋಡೆಕೋರರ ಕೆಲಸ ಎಂದಿತು. ಒಂದೆರಡು ವಾರಕ್ಕೆ ಬೂಬಕ್ಕನ ಬುಟ್ಟಿಯಲ್ಲಿ ಬಂದ ಹಾಳೆಯಲ್ಲಿ ನಿಜ ಇತ್ತು: ಯಾರ ಮನೆ, ಯಾರ ದನ, ಯಾರು ಬಾವಿಗೆ ಹಾರಿದರು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಬೂಬಕ್ಕ ಅತ್ತೇಬಿಟ್ಟಳು. "ಅಲ್ಲಾನ ಹೆಸರು ಹೇಳಿ ಹಿಂತಾದ್ದು ಮಾಡ್ತಾರಾ? ಅವರ ಕೈ ಸೇದಿಹೋಗ್ಲಿ" ಎಂದಳು.

ಅದರ ಕೆಳಗೆ ಇನ್ನೊಂದು ಸುದ್ದಿ ಇತ್ತು, ಅದೇ ಅಚ್ಚು, ಅದೇ ಮಸಿ. ಕಣ್ಣು ಮುಂದೆ ಓಡಿತು, ಬಾಯಿ ನಿಂತಿತು. ಗಡಿಯ ಊರಿನವರು ಎಚ್ಚರದಿಂದಿರಬೇಕು. ಫಕೀರರು, ಅತ್ತರು ಮಾರುವವರು, ಬಳೆಗಾರ್ತಿಯರು ಮನೆಮನೆ ಹೊಕ್ಕು ಖಾಕಿಯವರಿಗೆ ಸುದ್ದಿ ಒಯ್ಯುತ್ತಿದ್ದಾರೆ. ಆ ಜಾತಿಯ ಒಬ್ಬರನ್ನೂ ನಂಬಬಾರದು.

"ಯಾಕವ್ವಾ, ನಿಂತಿ? ಮುಂದ ಏನೈತಿ?" ಎಂದು ಕೇಳಿದಳು ಬೂಬಕ್ಕ.

"ಎಲ್ಲಾರೂ ಧೈರ್ಯದಿಂದ ಇರ್ರಿ ಅಂತ ಬರದಾರ" ಎಂದೆ.

ಅವಳು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ ಹಾಳೆ ಇಸಿದುಕೊಂಡಳು. ಬಚ್ಚಿಡೋಣ, ಒಲೆಗೆ ಹಾಕೋಣ ಎಂದು ನನ್ನ ಕೈ ತುಡಿಯುತ್ತಿತ್ತು. ಅವಳು ಎಂದಿನಂತೆ ಮಡಚಿ ಬುಟ್ಟಿಯಲ್ಲಿಟ್ಟಳು.

ಎರಡು ದಿನಕ್ಕೆ ಖಾಕಿಯವರು ನಮ್ಮ ಮನೆಗೇ ಬಂದರು. ಮೈದುನ ಎಲ್ಲಿ ಎಂದು ಹೆಸರು ಹಿಡಿದು ಕೇಳಿದರು. ಗಂಗಾವತಿ ಎಂದರೆ ನಕ್ಕರು. ಮಾವನವರ ಕಪಾಳಕ್ಕೆ ಹೊಡೆದು, ಜೋಳದ ಚೀಲ ಬಂಡಿಗೆ ಹೇರಿಕೊಂಡು ಹೋದರು. ಮಾವನವರು ಗೋಡೆಗೆ ಮುಖ ಮಾಡಿ ಕೂತರು. ಊರಿಗೇ ಬುದ್ಧಿ ಹೇಳುತ್ತಿದ್ದ ಮನುಷ್ಯ, ಮೂರು ದಿನ ಅಂಗಡಿಯ ಕಟ್ಟೆ ಹತ್ತಲಿಲ್ಲ.

ಅವರಿಗೆ ಹೇಳಿದವರು ಯಾರು? ನನ್ನ ತಲೆಯಲ್ಲಿ ಆ ಹಾಳೆಯ ಸಾಲು ಗುಂಗಿಹುಳದ ಹಾಗೆ ಸುತ್ತತೊಡಗಿತು. ಮನೆಯವರನ್ನು ಬಿಟ್ಟರೆ ಬೂಬಕ್ಕನಿಗೆ ಮಾತ್ರ ಗೊತ್ತಿತ್ತು. ಛೆ, ಅವಳಲ್ಲ ಎನ್ನುವೆ. ಮತ್ತೆ ಯಾರು ಎನ್ನುವೆ. ಹಳ್ಳಿ ಸುಟ್ಟದ್ದನ್ನು ನಿಜ ಬರೆದ ಪೇಪರು ಇದನ್ನು ಸುಳ್ಳು ಬರೆದೀತೇ? ಅರ್ಧ ಹಾಳೆಯನ್ನು ನಂಬಿ ಅರ್ಧ ಹಾಳೆಯನ್ನು ಬಿಡುವುದು ಹೇಗೆಂದು ನನ್ನ ನಾಲ್ಕು ಇಯತ್ತೆಯಲ್ಲಿ ಯಾರೂ ಕಲಿಸಿರಲಿಲ್ಲ. ನನಗಾಗ ಮೂರು ತಿಂಗಳು, ಚೊಚ್ಚಲು. ತಿಂದದ್ದು ನಿಲ್ಲುತ್ತಿರಲಿಲ್ಲ. ಒಂದು ಮುಂಜಾನೆ ಬೀಸುಕಲ್ಲಿನ ಮುಂದೆ ಅತ್ತೆಗೆ ಹೇಳಿಬಿಟ್ಟೆ: "ಅತ್ತಿ, ಪೇಪರಿನಾಗ ಬಳಿಗಾರ್ತೇರ ಬಗ್ಗೆ ಹಿಂಗ ಬರದಾರ್ರಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸಂಜೆಗೆ ಅದು ಓಣಿಯ ಮಾತಾಗಿತ್ತು. ಮರುವಾರ ಬೂಬಕ್ಕ ಬಂದಾಗ ಪಡಸಾಲೆಯಲ್ಲಿ ನಾನೊಬ್ಬಳೇ. ಎಲ್ಲರ ಮನೆಯಲ್ಲೂ ಅವತ್ತೇ ಶಾವಿಗೆ ಹೊಸೆಯುವ ಕೆಲಸ ಬಂದಿತ್ತು. ಅವಳು ಬುಟ್ಟಿ ಬಿಚ್ಚಲಿಲ್ಲ. ನೀರು ಕುಡಿದು ಎದ್ದುಹೋದಳು.

ಭಾದ್ರಪದದಲ್ಲಿ ದಿಲ್ಲಿಯ ಸೈನ್ಯ ಬಂತು. ದೊರೆಯ ರಾಜ್ಯ ಮುಗಿಯಿತು, ಖಾಕಿಯವರು ಅಂಗಿ ಬಿಚ್ಚಿ ಎಸೆದು ಓಡಿದರು. ಮೈದುನ ಹಾರ ಹಾಕಿಕೊಂಡು ಮನೆಗೆ ಬಂದ. ಅತ್ತೆ ಆರತಿ ಎತ್ತಿದರು, ನಾನು ಕಣ್ಣು ಒರೆಸಿಕೊಂಡೆ. ಸಂತೋಷ ಸುಳ್ಳಲ್ಲ. ಆದರೆ ನಾಲ್ಕು ದಿನಕ್ಕೆ ಗಾಳಿ ತಿರುಗಿತು. ಓಡಿದವರು ಓಡಿಹೋಗಿದ್ದರು, ಉಳಿದವರು ಅತ್ತರಿನವರು, ದರ್ಜಿಗಳು, ಪಿಂಜಾರರು, ಬೂಬಕ್ಕ.

ಮನೆಯ ಮುಂದೆಯೇ ಇದ್ದ ನಮ್ಮ ಅಂಗಡಿಯ ಕಟ್ಟೆಯ ಮೇಲೆ ಊರು ಸೇರಿತು. ನಾನು ತಲೆಬಾಗಿಲ ಹಿಂದೆ ನಿಂತು ಕೇಳಿದೆ. ಶಿಬಿರದಿಂದ ಬಂದ ಹುಡುಗರು ಮುಂದೆ, ಹಿರಿಯರು ಹಿಂದೆ. ಇದೂ ಹೊಸದೇ.

"ಊರು ಸುಡಾಕ ಅವರಿಗೆ ಅವರ ಧರ್ಮಾನ ಕಲಿಸೈತಿ" ಎಂದ ಮೈದುನ.

ಉರ್ದು ಸಾಲಿಯಲ್ಲಿ ಅರ್ಧ ಊರಿಗೆ ಕಲಿಸಿದ್ದ ಮುದಿ ಮಾಸ್ತರರು ಕೋಲು ಊರಿಕೊಂಡು ಎದ್ದರು. "ಧರ್ಮ ಅಲ್ಲೋ ತಮ್ಮಾ, ಪೇಪರ ಕಲಿಸಿದ್ದು. ಆ ಕಡೆ ಉರ್ದು ಪೇಪರಿನಾಗ ನಿಮ್ಮನ್ನ ಕೊಲ್ರಿ ಅಂತ ಬರದ್ರು, ಈ ಕಡೆ ಕನ್ನಡ ಪೇಪರಿನಾಗ ಅವರನ್ನ ನಂಬಬ್ಯಾಡ್ರಿ ಅಂತ ಬರದ್ರು. ಬರದವ್ರು ಇಬ್ರೂ ಮನ್ಯಾಗ ಕುಂತಾರ."

"ಹಂಗಾದ್ರ ಪೇಪರ ಬಂದ್ ಮಾಡೂನೇನ್ರಿ?" ಎಂದರು ನನ್ನ ಗಂಡ. "ನನ್ನ ಪೇಪರ ವರ್ಷಗಟ್ಲೆ ಏನೂ ಆಗಿಲ್ಲ ಅಂದ್ತು. ಹಳ್ಳಿ ಸುಟ್ಟಿದ್ದು ಆ ಕನ್ನಡ ಪೇಪರ ಇಲ್ಲದಿದ್ರ ನಮಗ ಗೊತ್ತಾಗ್ತಿತ್ತೇನು?"

"ಗೊತ್ತಾಗ್ತಿರಲಿಲ್ಲ" ಎಂದರು ಮಾಸ್ತರರು. ಕೋಲು ಹಿಡಿದು ಮತ್ತೆ ಕೂತರು.

"ಅದ ಪೇಪರಿನಾಗ ಬಳಿಗಾರ್ತೇರ ಬಗ್ಗೆನೂ ಬಂದೈತಿ" ಎಂದ ಮೈದುನ. "ನಮ್ಮ ಅಣ್ಣನ ಹೆಣ್ತಿ, ನಮ್ಮ ವೈನೀನ ಓದ್ಯಾರ. ಅಚ್ಚಾಗಿದ್ದು ಸುಳ್ಳಿರತೈತೇನು? ನನ್ನ ಸುಳಿವು ಕೊಟ್ಟು ನಮ್ಮಪ್ಪನ ಕಪಾಳಕ್ಕ ಹೊಡಸಿದಾಕಿ ಅಕಿ."

ಅವನ ಕೆಮ್ಮಿನ ಸುದ್ದಿ ತಂದವಳು ಯಾರು? ತಾಯಿಗೆ ಅನ್ನ ಇಳಿಸಿದವಳು ಯಾರು? ಬಾಗಿಲ ಸಂದಿಯಿಂದ ಗಂಡನಿಗೆ ಸನ್ನೆ ಮಾಡಿದೆ, ಹೇಳ್ರಿ, ಹೇಳ್ರಿ ಎಂದು. ಅವರು ಬಾಯಿ ತೆರೆದು, "ಅಕಿ ನಮಗ ಬೇಕಾದಾಕಿ..." ಎಂದರು. ಯಾರೂ ಕೇಳಿಸಿಕೊಳ್ಳಲಿಲ್ಲ. ಸೊಸೆ ಹೊಸಿಲು ದಾಟಿ ಗಂಡಸರ ಸಭೆಗೆ ಹೋಗುವ ಕಾಲವಲ್ಲ ಅದು ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಹೆದರಿದ್ದೆ, ಅಷ್ಟೇ.

ಹುಡುಗರು ಎದ್ದು ಹೋದರು. ಬೂಬಕ್ಕನ ಮನೆ ನಮ್ಮ ಹಿತ್ತಲ ಹಿಂದಿನ ಓಣಿಯಲ್ಲಿ. ಬುಟ್ಟಿ ಬಂಡೆಗೆ ಅಪ್ಪಳಿಸಿದ ಸದ್ದು, ಆಮೇಲೆ ಗಾಜಿನ ಸದ್ದು. ಅಷ್ಟೊಂದು ಬಳೆ ಒಟ್ಟಿಗೆ ಒಡೆಯುವುದನ್ನು ನಮ್ಮ ಓಣಿ ಕೇಳಿರಲಿಲ್ಲ. ಅಡುಗೆಮನೆಯಲ್ಲಿ ಅತ್ತೆ ತಮ್ಮ ಎರಡೂ ಕೈಯ ಬಳೆಗಳನ್ನು ಬಿಗಿಯಾಗಿ ಹಿಡಿದುಕೊಂಡು ಕೂತಿದ್ದರು. ಅವಳ ಮೈಮೇಲೆ ಯಾರೂ ಕೈಮಾಡಲಿಲ್ಲ, ಮಾಸ್ತರರು ಅಡ್ಡ ನಿಂತರಂತೆ. ಮರುದಿನ ಅವಳು ಹನುಮಸಾಗರಕ್ಕೆ ಮಗಳ ಮನೆಗೆ ಹೋದಳು.

ದೀಪಾವಳಿಯಾದ ಮೇಲೆ ನನ್ನ ಕುಬಸ. ಚೊಚ್ಚಲ ಬಸುರಿಗೆ ತವರಿನವರು ಸೀರೆ ಕುಬಸ ತಂದು ಮಾಡುವ ಶಾಸ್ತ್ರ. ಬಳೆಗಾರ್ತಿಯ ಕೈಯಿಂದ ಹಸಿರು ಬಳೆ ಇಡಿಸದೆ ಅದು ಆಗುವುದಿಲ್ಲ. ಕೊಪ್ಪಳದಿಂದ ಬೇರೆಯವರನ್ನು ಕರೆಸೋಣ ಎಂದ ಮೈದುನ. ಅತ್ತೆ ಅವನ ಕಡೆ ತಿರುಗಿಯೂ ನೋಡಲಿಲ್ಲ. "ನಿಮ್ಮಿಬ್ಬರ ಬಸುರಾಗ ನನಗ ಬಳಿ ಇಟ್ಟ ಕೈ ಅದು. ಅಕೀನ ಬರಬೇಕು" ಎಂದು ಆಳಿನ ಕೈಯಲ್ಲಿ ಹೇಳಿಕಳಿಸಿದರು. ಬರುವುದಿಲ್ಲ ಎಂದುಕೊಂಡಿದ್ದೆ, ಬಾರದಿದ್ದರೇ ಒಳ್ಳೆಯದು ಎಂದೂ ಅನ್ನಿಸಿತ್ತು.

ಬಂದಳು. ಸೊರಗಿದ್ದಳು. ಪಡಸಾಲೆ ತುಂಬ ಹೆಂಗಸರು, ಬಾಗಿಲಲ್ಲಿ ಮೈದುನ. ಬುಟ್ಟಿ ಇರಲಿಲ್ಲ. ದಾರಕ್ಕೆ ಪೋಣಿಸಿದ ಹಸಿರು ಬಳೆಯ ಮಲಾರ ಹೆಗಲ ಮೇಲಿತ್ತು, ಒಂದು ಚೂರು ಕಾಗದವಿರಲಿಲ್ಲ. ಮಣೆಯ ಮುಂದೆ ಕೂತು ನನ್ನ ಕೈ ಹಿಡಿದುಕೊಂಡಳು. ಬಳೆ ಇಡಲಿಲ್ಲ. ಸೊಂಟದ ಚೀಲದಿಂದ ನಾಲ್ಕು ಮಡಿಕೆಯ ಹಾಳೆ ತೆಗೆದು ನನ್ನ ತೊಡೆಯ ಮೇಲಿಟ್ಟಳು.

"ಅವತ್ತು ನಡುವ ನಿಂತಿದ್ದಿ. ಈಗ ಪೂರಾ ಓದವ್ವಾ."

ಅತ್ತೆಯನ್ನು ನೋಡಿದೆ, ಅವರು ನೆಲ ನೋಡುತ್ತಿದ್ದರು. ಓದಿದೆ. ಫಕೀರರು, ಅತ್ತರು ಮಾರುವವರು, ಬಳೆಗಾರ್ತಿಯರು. ಒಬ್ಬರನ್ನೂ ನಂಬಬಾರದು. ಕೊನೆಯ ಸಾಲನ್ನು ಅವಸರದಲ್ಲಿ ನುಂಗಿ ಓದಿದೆ, ಮತ್ತೆ ಓದು ಎಂದಳು, ಮತ್ತೆ ಓದಿದೆ.

"ಇದರಾಗ ಇದ್ದದ್ದು ಇಷ್ಟೇನು" ಎಂದಳು ಬೂಬಕ್ಕ. ಆಮೇಲೆ ಮೆಲ್ಲಗೆ, ಯಾರ ಕಡೆಗೂ ನೋಡದೆ, "ನಾಕಾದವರ ಕಣ್ಣು ತಪ್ಪಿಸಿ ನಾನ ಹೊತ್ತು ತಂದೆ ನೋಡ್ರಿ ಇದನ್ನ" ಎಂದಳು.

ಬಾಗಿಲಲ್ಲಿ ಮೈದುನ ಇರಲಿಲ್ಲ, ಯಾವಾಗ ಹೋದನೋ. ಖಾಕಿಯವರಿಗೆ ಸುಳಿವು ಕೊಟ್ಟವರು ಯಾರೆಂದು ನಮಗೆ ಕೊನೆಯವರೆಗೂ ತಿಳಿಯಲಿಲ್ಲ. ತಿಳಿದಿದ್ದರೆ ಏನಾದರೂ ಬದಲಾಗುತ್ತಿತ್ತೇ ಎಂಬುದೂ ನನಗೆ ತಿಳಿಯದು.

ಅವಳು ಬಳೆ ಇಡತೊಡಗಿದಳು. ಎಂದಿನ ಹಾಗೆಯೇ, ಬೆರಳು ಮಡಚಿ, ಗೆಣ್ಣು ಒತ್ತಿ, ಒಂದೂ ನೋಯದ ಹಾಗೆ. ಎಡಗೈ ಮುಗಿಯಿತು. ಬಲಗೈ ಮುಗಿಯಿತು. ನಾನು ತವರಿನ ಬಳೆಗೆಂದು ಬಲಗೈಯನ್ನು ಅವಳ ಮುಂದೆ ಹಾಗೇ ಚಾಚಿಕೊಂಡು ಕೂತಿದ್ದೆ. ಅವಳು ಉಳಿದ ಬಳೆಗಳ ದಾರಕ್ಕೆ ಗಂಟು ಹಾಕಿದಳು. ಕಾಲಿಗೆ ನಮಸ್ಕಾರ ಮಾಡಿದೆ. ತಲೆಯ ಮೇಲೆ ಕೈಯಿಟ್ಟು, "ಗಂಡಸು ಮಗನ ತಾಯಿ ಆಗು" ಎಂದು ಎಲ್ಲರಿಗೂ ಹರಸುವಂತೆ ಹರಸಿ ಎದ್ದಳು. ಅವಳು ಹೋದ ಮೇಲೆ ಎಣಿಸಿ ನೋಡಿದೆ. ಎರಡೂ ಕೈಗೆ ಸಮ ಇದ್ದವು.