ಒಂದೇ ರೀಲಿನ ಎರಡು ಮುಖಗಳು

ಇಲಾ ಊರಿನ ಪೇಟೆಯ ಹಿಂದೆ ಸ್ಟುಡಿಯೋ ಇಟ್ಟಿರುವ ಓಯೆದೆಲೆ ನಲವತ್ತು ವರ್ಷಗಳಿಂದ ಅವಳಿ ಮಕ್ಕಳ ಫೋಟೋ ತೆಗೆಯುತ್ತಿದ್ದಾರೆ. ಅವಳಿಗಳಲ್ಲಿ ಒಂದು ಸತ್ತರೆ, ಉಳಿದ ಮಗುವಿನದೇ ಎರಡು ಫೋಟೋ ತೆಗೆದು, ಇಬ್ಬರೂ ಕೂತಂತೆ ಒಂದೇ ಚಿತ್ರದಲ್ಲಿ ಪಕ್ಕಪಕ್ಕ ಜೋಡಿಸುವುದು ಇಲ್ಲಿನ ರೂಢಿ. ಸತ್ತದ್ದು ಗಂಡಾಗಿ ಉಳಿದದ್ದು ಹೆಣ್ಣಾದರೆ, ಎರಡನೇ ಸಲ ಅವಳಿಗೆ ಅವನ ಅಂಗಿ ತೊಡಿಸುತ್ತಾರೆ.

ಈಗ ಫಿಲ್ಮನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಜೋಡಿಸುವ ಕಾಲ. ಫಿಲ್ಮಿನಲ್ಲಿರುವ ರವೆಯಂಥ ಕಣಗಳನ್ನು ಸ್ಕ್ಯಾನರ್ ಇನ್ನಷ್ಟು ಎತ್ತಿ ತೋರಿಸುತ್ತದೆ. ಬೆಳಕು ಸಾಲದಿದ್ದರೆ ಕೆನ್ನೆಯ ನೆರಳೆಲ್ಲ ರವೆಯಾಗಿ ಹಸಿರು ಛಾಯೆಗೆ ತಿರುಗುತ್ತದೆ. ಹಾಗಾಗಿ ಓಯೆದೆಲೆ ಕಣ ಸಣ್ಣದಾಗಿರುವ, ನೂರರ ವೇಗದ ನುಣುಪು ಫಿಲ್ಮನ್ನೇ ಆರಿಸಿ, ಬೆಳಕನ್ನು ತುಸು ಹೆಚ್ಚೇ ಕೊಡುತ್ತಾರೆ.

ಎರಡು ವರ್ಷದ ಹಿಂದೆ ಮೊರೆನಿಕೆ ಬಂದಾಗ ಆ ಫಿಲ್ಮ್ ಮುಗಿದಿತ್ತು. ಅವಳ ಅವಳಿಗಳಲ್ಲಿ ಮಗ ಕೆಹಿಂದೆ ಜ್ವರದಿಂದ ಸತ್ತು ಮೂರು ವಾರವಾಗಿತ್ತು. ನಾಲ್ಕು ವರ್ಷದ ಮಗಳು ತೈವೋ ಮೂರು ದಿನದಿಂದ ಅನ್ನ ಮುಟ್ಟಿರಲಿಲ್ಲ.

"ಅಣ್ಣಂಗೆ ಕೂರೋಕೆ ಜಾಗ ಇಲ್ಲ ಅಂತಾಳೆ ಬಾಬಾ. ಚಿತ್ರ ಇಡದೆ ಹೋದ್ರೆ ಅವ್ನು ಇವಳನ್ನೂ ಕರ್ಕೊಂಡು ಹೋಗ್ತಾನೆ."

"ನಾನೂರರ ಹಳೇ ರೀಲು ಒಂದೇ ಇರೋದಮ್ಮ. ರವೆ ಜಾಸ್ತಿ ಬರುತ್ತೆ."

"ರವೆಯೋ ಹಿಟ್ಟೋ, ತೆಗೀರಿ."

ಅದೇ ಸ್ಟೂಲು, ಅದೇ ಕಿಟಕಿ, ಎರಡು ಚಿತ್ರ: ಮೊದಲು ಲಂಗದಲ್ಲಿ, ಆಮೇಲೆ ಅಣ್ಣನ ಅಂಗಿಯಲ್ಲಿ. ಮರುದಿನ ಬೆಳಿಗ್ಗೆ ಸ್ಕ್ಯಾನರ್ ಗುರುಗುಟ್ಟುತ್ತಿದ್ದಾಗ ಮೊರೆನಿಕೆ ಕೇಳಿದಳು: "ಈ ಮಷಿನ್ನಿಗೂ ನಿಮ್ಮಷ್ಟೇ ವಯಸ್ಸಾ?"

"ನನಗಿಂತ ಚಿಕ್ಕದು. ಸುಸ್ತಾಗೋದು ಮಾತ್ರ ಬೇಗ."

ಮೊದಲ ಚಿತ್ರದಲ್ಲಿ, ಲಂಗ ತೊಟ್ಟ ತೈವೋಳ ಮುಖದ ಮೇಲೆ ರವೆ ಇತ್ತು. ಎರಡನೆಯದರಲ್ಲಿ ಗೋಡೆ, ಸ್ಟೂಲು, ಅಂಗಿ ಎಲ್ಲದರ ಮೇಲೂ ರವೆ. ಮುಖ ಮತ್ತು ಕೈಗಳ ಮೇಲೆ ಮಾತ್ರ ಒಂದು ಕಣವೂ ಇಲ್ಲ. ಓಯೆದೆಲೆ ಗಾಜು ಒರೆಸಿದರು, ಫಿಲ್ಮನ್ನು ತಿರುವಿ ಹಾಕಿದರು. ಮುಖ ಹಾಗೆಯೇ ಇತ್ತು, ಆಗಷ್ಟೇ ತೊಳೆದಂತೆ.

"ಅವಳಿಗಳಲ್ಲಿ ಭೇದ ಮಾಡಬಾರ್ದು ಬಾಬಾ," ಅಂದಳು ಮೊರೆನಿಕೆ. "ತೈವೋಳದ್ದನ್ನೂ ನುಣುಪು ಮಾಡಿಬಿಡಿ."

ಒಂದು ಗುಂಡಿ ಒತ್ತಿದರೆ ಆಗುತ್ತಿತ್ತು. ಓಯೆದೆಲೆಯ ಬೆರಳು ಮುಂದಾಗಲಿಲ್ಲ. "ಬದುಕಿರೋಳನ್ನ ಅವನ ಥರ ಮಾಡಲ್ಲ. ಅವನನ್ನೇ ಇವಳ ಥರ ಮಾಡ್ತೀನಿ."

ತೈವೋಳ ಕೆನ್ನೆಯ ರವೆಯನ್ನು ನಕಲು ಮಾಡಿ ಆ ಮುಖಕ್ಕೆ ಹಚ್ಚಿದರು. ಪರದೆಯ ಮೇಲೆ ರವೆ ನಿಂತಿತು, ಅಚ್ಚು ಹಾಕಿದ ಪ್ರತಿಯಲ್ಲಿ ಮುಖ ಮತ್ತೆ ನುಣುಪು. ಎರಡನೇ ಸಲವೂ ಅಷ್ಟೇ.

ಮೊರೆನಿಕೆ ಪರದೆಯತ್ತ ಬಾಗಿ ಗದರಿದಳು: "ಕೆಹಿಂದೆ, ಹಠ ಸಾಕು! ನಿನ್ನ ತಂಗಿ ಹಸ್ಕೊಂಡಿದಾಳೆ."

ಮೂರನೇ ಪ್ರತಿಯಲ್ಲಿ ಇಬ್ಬರ ಮುಖದ ಮೇಲೂ ಒಂದೇ ಸಮ ರವೆ ಇತ್ತು.

ಚಿತ್ರವನ್ನು ಬೆಂಚಿನ ಮೇಲೆ ಒರಗಿಸಿ, ತಾಯಿ ಮನೆಯಿಂದ ತಂದಿದ್ದ ಬೇಯಿಸಿದ ಅಲಸಂದೆಯ ಬಟ್ಟಲನ್ನು ಮುಂದಿಟ್ಟಳು. ತೈವೋ ಬಹಳ ಹೊತ್ತು ನೋಡಿ, ಬೊಗಸೆ ತುಂಬಿ ತಿನ್ನತೊಡಗಿದಳು. ಮೊರೆನಿಕೆ ಗೋಡೆಗೆ ಒರಗಿ ಕೂತಳು.

"ಅಮ್ಮಾ," ತುಂಬಿದ ಬಾಯಲ್ಲೇ ಹುಡುಗಿ ಹೇಳಿದಳು, "ಅಣ್ಣಂಗೆ ಮುಖವೆಲ್ಲ ತುರಿಸ್ತಿದೆಯಂತೆ."