ಹನಗೋಡು ರಸ್ತೆಯಲ್ಲಿ ಎದುರಾದ ಕಾರು

ಇದನ್ನು ಹೇಳಿದಾಗಲೆಲ್ಲ ಎದುರಿಗಿದ್ದವರು ಮೊದಲು ಕೇಳುವುದು ಒಂದೇ ಮಾತು: "ಅವತ್ತು ಎಣ್ಣೆ ಆಕಿದ್ದೇನ್ಲಾ?"

ಇಲ್ಲ. ಹುಣಸೂರಿನಲ್ಲಿ ಟ್ಯಾಕ್ಸಿ ಓಡಿಸಿ ಬದುಕುವವನು ನಾನು. ಸ್ಟೇರಿಂಗ್ ಹಿಡಿದ ದಿನ ಒಂದು ಹನಿಯೂ ಮುಟ್ಟುವುದಿಲ್ಲ. ನಿದ್ದೆಗಣ್ಣಲ್ಲೂ ಇರಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಆಮೇಲೆ ನೀವು ಏನು ಬೇಕಾದರೂ ಅಂದುಕೊಳ್ಳಿ.

ನನ್ನ ತಂಗಿ ರೂಪ ಜರ್ಮನಿಯ ಮ್ಯೂನಿಕ್‌ನಲ್ಲಿ ನರ್ಸ್. ಜೊತೆಗೆ ವಯನಾಡಿನ ಶೈನಿ ಅನ್ನುವ ಹುಡುಗಿ, ಅವಳೂ ನರ್ಸ್. ಇಬ್ಬರಿಗೂ ಒಟ್ಟಿಗೆ ರಜೆ ಸಿಕ್ಕಿತ್ತು. ಬಾಡಿಗೆ ಕಾರು ತೆಗೆದುಕೊಂಡು ಆಸ್ಟ್ರಿಯಾ ದಾಟಿ ಇಟಲಿಯ ವೆನಿಸ್‌ಗೆ ಹೋಗುವುದೆಂದು ಆಸೆಪಟ್ಟಿದ್ದರು.

"ದಾರಿ ನೀನೇ ಆಕ್ಕೊಡ್ಬೇಕು ಕಣಣ್ಣ" ಅಂದಳು ರೂಪ. "ಅತ್ಲಾಗೆ ಹೈವೇನಲ್ಲಿ ಹೋದ್ರೆ ಏನು ಸುಖ? ಬೆಟ್ಟದ ದಾರಿ ಬೇಕು. ಕೆರೆ, ಕಾಡು ಎಲ್ಲಾ ಕಾಣ್ಬೇಕು."

ನನಗೂ ಹುಚ್ಚು ಹಿಡಿಯಿತು. ಸ್ಟ್ಯಾಂಡಿನಲ್ಲಿ ಬಾಡಿಗೆ ಇಲ್ಲದ ಹೊತ್ತೆಲ್ಲ ಮೊಬೈಲಿನಲ್ಲಿ ಮ್ಯಾಪ್ ಹಿಗ್ಗಿಸಿ ನೋಡುವುದೇ ಕೆಲಸವಾಯಿತು. ಇನ್ಸ್‌ಬ್ರುಕ್‌ನಲ್ಲಿ ಊಟ, ಬ್ರೆನ್ನರ್ ಹತ್ತಿರ ಗಡಿ, ಅಲ್ಲಿಂದ ಎಡಕ್ಕೆ ಹೊರಳಿ ಬೆಟ್ಟದ ನಡುವಿನ ಒಂದು ಹಳ್ಳಿಯಲ್ಲಿ ರಾತ್ರಿ ತಂಗುವುದು, ಮಾರನೇ ದಿನ ವೆನಿಸ್. ನೋಡದ ಊರಿನ ತಿರುವುಗಳೆಲ್ಲ ನನಗೆ ಬಾಯಿಪಾಠವಾಗಿದ್ದವು. ಅಲ್ಲಿ ರಸ್ತೆಯ ಬಲಗಡೆ ಓಡಿಸಬೇಕು. ಅದನ್ನೊಂದು ಮರೆಯಬೇಡ ಅಂತ ದಿನಾ ಹೇಳುತ್ತಿದ್ದೆ.

ಅವರು ಹೊರಟದ್ದು ಅಕ್ಟೋಬರ್ ಕೊನೆಯಲ್ಲಿ. ಅದೇ ದಿನ ಸಂಜೆ ನಾನು ವೀರನಹೊಸಹಳ್ಳಿ ಹತ್ತಿರದ ಒಂದು ಲಾಡ್ಜಿಗೆ ಬಾಡಿಗೆಯವರನ್ನು ಬಿಡಲು ಹೋದೆ. ಅವರ ಸಾಮಾನು ಇಳಿಸಿ, ಅಲ್ಲೇ ಊಟ ಮುಗಿಸಿ ಹೊರಟಾಗ ಹತ್ತು ಗಂಟೆ ದಾಟಿ ಕತ್ತಲು ಗಟ್ಟಿಯಾಗಿತ್ತು. ನಾಗರಹೊಳೆ ಕಾಡಿನ ಗೇಟು ಆಗಲೇ ಮುಚ್ಚಿತ್ತು. ನಾನು ಹನಗೋಡಿನ ಕಡೆ, ನಮ್ಮ ಮನೆ ಕಡೆ ತಿರುಗಿಸಿದೆ. ಮಳೆ ಬಿಟ್ಟಿತ್ತು. ಮಂಜು ಮಾತ್ರ ಹತ್ತಿ ಸುರಿದ ಹಾಗೆ...

ಮೊಬೈಲ್ ಹೊಡೆದುಕೊಂಡಿತು. ರೂಪ.

"ಅಣ್ಣಾ... ರೋಡು ತಪ್ಪೋಯ್ತು ಕಣಣ್ಣ."

ಸಿಗ್ನಲ್ ಹೋದರೆ ಕಷ್ಟ ಅಂತ, ಆನೆ ಓಡಾಡುವ ಜಾಗವಾದರೂ ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಇಂಡಿಕೇಟರ್ ಹಾಕಿದೆ.

"ಎಲ್ಲಿದ್ದೀಯವ್ವಾ? ಗಡಿ ದಾಟಿದ್ರಾ?"

"ದಾಟಿದ್ವಿ. ಮುಂದೆ ರೋಡು ಬಂದ್ ಆಗಿತ್ತು. ಬಾಣದ ಗುರುತು ನೋಡಿ ಸಣ್ಣ ರೋಡಿಗೆ ಬಂದ್ವಿ. ಮ್ಯಾಪು ನಿಂತೋಗೈತೆ. ಒಂದು ಮನೆ ಇಲ್ಲ, ದೀಪ ಇಲ್ಲ... ಮಂಜು."

"ಗಾಬ್ರಿ ಬ್ಯಾಡ. ಹಿಂದಕ್ಕೆ ತಿರುಗ್ಸು."

"ತಿರುಗ್ಸಕ್ಕೆ ಜಾಗನೇ ಇಲ್ಲ ಅಣ್ಣಾ. ಎರಡು ಕಡೆನೂ ಮರ."

ಪಕ್ಕದಲ್ಲಿ ಶೈನಿ ಬಿಕ್ಕುವುದು ಕೇಳಿಸುತ್ತಿತ್ತು. ನಾನು ಬಾಯಿಪಾಠ ಮಾಡಿದ ಮ್ಯಾಪಿನಲ್ಲಿ ಅಂಥ ರಸ್ತೆ ಇರಲಿಲ್ಲ. ಏನು ಕಾಣುತ್ತದೋ ಅದನ್ನೇ ಹೇಳುತ್ತಾ ನಿಧಾನ ಬಾ ಅಂದೆ.

"ಏನೋ ವಾಸನೆ ಅಣ್ಣಾ... ಬ್ಯಾರನ್ನಲ್ಲಿ ಒಗೆಸೊಪ್ಪು ಬೇಯೋ ವಾಸನೆ."

ಬ್ಯಾರನ್ ಅನ್ನುವ ಗೂಡಿನಲ್ಲಿ ತಂಬಾಕು ಬೇಯಿಸುವ ವಾಸನೆಯ ಗುರುತು ನಮ್ಮ ಕಡೆ ಹುಟ್ಟಿದ ಯಾರಿಗೂ ತಪ್ಪುವುದಿಲ್ಲ. ಆದರೆ ಆಲ್ಪ್ಸ್ ಬೆಟ್ಟದಲ್ಲಿ ಅದು ಎಲ್ಲಿಂದ ಬರಬೇಕು? ನಾನು ಕಿಟಕಿ ಇಳಿಸಿದೆ. ನನ್ನ ಸುತ್ತ ಆ ವಾಸನೆ ಇರಲೇಬೇಕಿತ್ತು, ಅದು ಸೊಪ್ಪು ಬೇಯುವ ಕಾಲ. ಇರಲಿಲ್ಲ. ಬದಲಿಗೆ ಈಗತಾನೇ ಗರಗಸ ಹಾಕಿದ, ನಮ್ಮ ಕಾಡಿನದಲ್ಲದ ಯಾವುದೋ ಮರದ ಅಂಟಿನ ವಾಸನೆ, ಮೂಳೆ ಕೊರೆಯುವ ಚಳಿ...

"ಒಂದು ಮೋರಿ ಬಂತು" ಅಂದಳು. "ಒಂದು ಕಡೆ ಕಟ್ಟೆ ಮುರಿದೋಗೈತೆ. ದಾಟಿದ ಮೇಲೆ ದೊಡ್ಡ ಮರ. ಬುಡದಲ್ಲಿ ಕಲ್ಲು... ಕುಂಕುಮ..."

ಮಾತು ನಿಂತಿತು. "ಅಣ್ಣಾ... ಇದು..."

ಆ ಮುರಿದ ಮೋರಿ ನನ್ನ ಕಾರಿನ ಮುಂದೆ ಕೂಗಳತೆಯಲ್ಲಿತ್ತು.

ಮಂಜಿನೊಳಗೆ ಎರಡು ಬೆಳಕು ಮೂಡಿದವು. ಬೆಳಕು ಬರುತ್ತಿದ್ದದ್ದು ನಾನು ನಿಂತ ಬದಿಯಲ್ಲೇ, ಅಂದರೆ ಆ ಗಾಡಿ ತನ್ನ ಬಲಗಡೆ ಹಿಡಿದು ಬರುತ್ತಿತ್ತು. ಎಂಜಿನ್ ಸದ್ದು ಮೊಬೈಲಿನಲ್ಲೂ ಕೇಳುತ್ತಿತ್ತು, ಕಿಟಕಿಯಿಂದಲೂ ಕೇಳುತ್ತಿತ್ತು.

"ಅಣ್ಣಾ, ಯಾವನೋ ಗಾಡಿ ನಿಲ್ಸವ್ನೆ" ರೂಪ ಪಿಸುಗುಟ್ಟಿದಳು. "ಇಂಡಿಕೇಟರ್ ಆಕ್ಕೊಂಡು..."

ಶೈನಿ ಮಲಯಾಳದಲ್ಲಿ ಚೀರಿದಳು. "ನಿರ್ತಲ್ಲೇ! ನಿರ್ತಲ್ಲೇ!"

ವಯನಾಡಿಗೆ ಬಾಡಿಗೆ ಹೋಗಿ ಹೋಗಿ ಅಷ್ಟು ಮಲಯಾಳ ನನಗೆ ಬರುತ್ತದೆ. ನಿಲ್ಲಿಸಬೇಡ, ನಿಲ್ಲಿಸಬೇಡ...

ಹೆದರಿದ್ದು ನನ್ನನ್ನು ನೋಡಿ!

ನಾನು ಬಾಗಿಲು ತೆಗೆದು ಇಳಿದೆ. ಬೂದು ಬಣ್ಣದ ಕಾರು ನನ್ನ ಗಾಡಿಯನ್ನು ಬಳಸಿಕೊಂಡು ಮೈಗೆ ತಾಗುವಷ್ಟು ಹತ್ತಿರ ಹಾದುಹೋಯಿತು. ಎಡಗಡೆ ಸ್ಟೇರಿಂಗ್. ಅದನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದು ನನ್ನ ರೂಪ. ನನ್ನ ಮುಖವನ್ನೇ ನೋಡಿದಳು.

"ರೂಪಾ! ಲೇ ರೂಪಾ, ನಿಲ್ಲೇ!"

ಕೂಗುತ್ತಾ ಓಡಿದೆ. ಕೆಂಪು ದೀಪಗಳು ಮಂಜಿನಲ್ಲಿ ಕರಗಿದವು. ಕೈಯಲ್ಲಿದ್ದ ಮೊಬೈಲಿನಲ್ಲಿ ಕಾಲ್ ಕಟ್ಟಾಗಿತ್ತು.

ಗಾಡಿ ತಿರುಗಿಸಿ ಬೆನ್ನು ಹತ್ತಿದೆ. ನಡುವೆ ಕವಲು ದಾರಿ ಇಲ್ಲ. ರಸ್ತೆ ಹೋಗಿ ಮುಟ್ಟುವುದು ಕಾಡಿನ ಗೇಟಿಗೆ. ಗೇಟು ಮುಚ್ಚಿಯೇ ಇತ್ತು. ಕಾವಲಿನ ಸಿದ್ದಣ್ಣ ಬೆಂಕಿ ಕಾಯಿಸುತ್ತಾ ಕೂತಿದ್ದರು. ನನಗೆ ಮೊದಲಿನಿಂದ ಪರಿಚಯದವರು.

"ಸಿದ್ದಣ್ಣಾ, ಈಗೊಂದು ಕಾರು ಬಂತಲ್ಲಾ, ಎತ್ಲಾಗೋಯ್ತು?"

"ಯಾವ ಕಾರ್ಲಾ? ಕತ್ಲಾದಾಗಿಂದ ಇಲ್ಲೇ ಕುಂತಿವ್ನಿ. ನರಪಿಳ್ಳೆ ಬಂದಿಲ್ಲ."

"ನನ್ ತಂಗಿ ಅದ್ರೊಳಗವ್ಳೆ..."

ಅವರು ಎದ್ದು ಬಂದು ನನ್ನ ಭುಜ ಹಿಡಿದರು. "ನಿನ್ ತಂಗಿ ಜರ್ಮನಿಯಾಗವ್ಳಲ್ಲೋ."

ಸಾಯುವವರು ಆ ಹೊತ್ತಿನಲ್ಲಿ ತಮ್ಮವರಿಗೆ ಕಾಣಿಸಿಕೊಂಡು ಹೋಗುತ್ತಾರೆ ಅಂತ ನಮ್ಮಲ್ಲಿ ಹೇಳುತ್ತಾರಲ್ಲ, ಅದೇ ತಲೆಯಲ್ಲಿ ಸುತ್ತತೊಡಗಿತು. ಯಾವುದೋ ಪ್ರಪಾತದಲ್ಲಿ ಬೂದು ಕಾರು ಮಗುಚಿ ಬಿದ್ದಿರುವುದು ಕಣ್ಣಿಗೆ ಕಟ್ಟಿತು. ಫೋನ್ ಮಾಡಿದೆ. ಸ್ವಿಚ್ ಆಫ್. ಮತ್ತೆ ಮಾಡಿದೆ. ಶೈನಿಯದೂ ಆಫ್. ತಂಗುವ ಮನೆಯ ನಂಬರಿಗೆ ಮಾಡಿದರೆ ಗೊತ್ತಿಲ್ಲದ ಭಾಷೆಯಲ್ಲಿ ಒಂದು ಹೆಂಗಸು ಏನೋ ಹೇಳಿ ಇಟ್ಟುಬಿಟ್ಟಳು. ಯಾವ ಪೊಲೀಸರಿಗೆ ಹೇಳಲಿ? ಏನಂತ ಹೇಳಲಿ? ಮನೆಗೆ ಹೋಗಿ ಅವ್ವನ ಮುಖ ಹೇಗೆ ನೋಡಲಿ? ಮಾದಪ್ಪಾ, ಹುಡುಗಿಯರನ್ನು ಉಳಿಸಿಕೊಡು, ಬೆಟ್ಟಕ್ಕೆ ಬಂದು ಮುಡಿ ಕೊಡುತ್ತೇನೆ ಅಂತ ಗೇಟಿನ ಕಂಬಿ ಹಿಡಿದು ಅತ್ತೆ. ಸಿದ್ದಣ್ಣ ತಮ್ಮ ಕಂಬಳಿ ನನ್ನ ಮೇಲೆ ಹೊದಿಸಿ ಪಕ್ಕದಲ್ಲೇ ಕೂತರು.

ಬೆಳಗಾಗಿ ಹೊತ್ತು ಮೇಲೇರಿದ ಮೇಲೆ ಮೊಬೈಲ್ ಹೊಡೆದುಕೊಂಡಿತು.

"ಅಣ್ಣಾ... ತಲುಪಿದ್ವಿ ಕಣಣ್ಣ. ಮೊಬೈಲ್ ಎರಡೂ ಸತ್ತೋಗಿದ್ವು. ರೂಮಲ್ಲಿ ಬಿದ್ದು ನಿದ್ದೆ ಮಾಡ್ಬಿಟ್ವಿ."

ಅವಳೇ ಮುಂದುವರಿಸಿದಳು.

"ರಾತ್ರಿ ರೋಡಲ್ಲಿ ಒಬ್ಬ... ನನ್ ಎಸ್ರು ಕೂಗ್ಕೊಂಡು ಗಾಡಿ ಹಿಂದೆ ಓಡ್ಬಂದ."

"ಮುಖ ನೋಡಿದ್ಯಾ?"

"ನೋಡ್ದೆ."

ಅಷ್ಟೇ. ಯಾರ ಮುಖ ಅಂತ ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವರು ಬಾಡಿಗೆ ಕಾರನ್ನು ಅಲ್ಲೇ ಒಪ್ಪಿಸಿ, ವೆನಿಸ್ ನೋಡದೆ ರೈಲಿನಲ್ಲಿ ವಾಪಸ್ ಹೋದರು. ನಾನು ಮಾದಪ್ಪನ ಬೆಟ್ಟಕ್ಕೆ ಹೋಗಿ ಮುಡಿ ಕೊಟ್ಟು ಬಂದೆ.

ಡಿಸೆಂಬರಿನಲ್ಲಿ ರೂಪ ಊರಿಗೆ ಬಂದಳು. ಒಂದು ದಿನ ಮಟಮಟ ಮಧ್ಯಾಹ್ನ, "ಆ ರೋಡಿಗೆ ಕರ್ಕೊಂಡೋಗಣ್ಣ" ಅಂದಳು. ಯಾವ ರೋಡು ಅಂತ ನಾನು ಕೇಳಲಿಲ್ಲ. ಮೋರಿ ದಾಟಿ ಗೇಟಿನ ಕಡೆ ಸ್ವಲ್ಪ ದೂರ ಹೋಗುತ್ತಿದ್ದ ಹಾಗೆ, "ನಿಲ್ಸು, ನಿಲ್ಸು" ಅಂದಳು.

ಇಳಿದು ರಸ್ತೆಯ ಅಂಚಿಗೆ ನಡೆದಳು. ಅಲ್ಲಿರುವುದು ಆನೆ ಬಾರದಿರಲೆಂದು ತೋಡಿದ ಆಳದ ಕಂದಕ. ಅದರಾಚೆ ತೇಗದ ಮರ, ಲಂಟಾನ ಪೊದೆ. ಎತ್ತಿನ ಗಾಡಿ ನುಗ್ಗುವಷ್ಟೂ ಜಾಗವಿಲ್ಲ.

"ಅವತ್ತು ಇಲ್ಲೇ ಕಣಣ್ಣ ನಾನು ಗಾಡಿ ತಿರುಗಿಸ್ಕೊಂಡಿದ್ದು" ಅಂದಳು. "ಅದೋ, ಅಲ್ಲಿ ಇಳಿಜಾರು. ಕೆಳಗೆ ನಾವು ತಂಗೋ ಊರಿನ ದೀಪ ಕಾಣ್ತಿದ್ವು."

"ರೂಪಾ, ಇಲ್ಲಿ ದಾರಿ ಇಲ್ಲವ್ವಾ."

ಅವಳು ನನ್ನ ಕಡೆ ತಿರುಗಲಿಲ್ಲ. ತನಗೆ ಮಾತ್ರ ಕಾಣುವ ಏನನ್ನೋ ನೋಡುತ್ತಾ, ಮನೆಯ ಹೊಸ್ತಿಲು ದಾಟುವ ಹಾಗೆ ಸಲೀಸಾಗಿ, ಬಲಗಾಲು ಎತ್ತಿ ಕಂದಕದ ಮೇಲೆ ಮುಂದಿಟ್ಟಳು.

ನಾನು ಅವಳ ಕೈ ಹಿಡಿದು ಎಳೆದುಕೊಂಡೆ. ಆ ಮಧ್ಯಾಹ್ನದ ಬಿಸಿಲಿನಲ್ಲೂ ಅವಳ ಕೈ ಮಂಜುಗಡ್ಡೆಯ ಹಾಗಿತ್ತು.